ರಾಜಧರ್ಮ ಪ್ರಜೆಯ ಕೈಗೆ ಬಂದಾಗ

ಧರ್ಮವೆಂದರೆ ಪೂಜೆ ಪುನಸ್ಕಾರಗಳಷ್ಟೇ ಅಲ್ಲ. ಮನುಷ್ಯನು ಮನುಷ್ಯನೊಡನೆ ಹೇಗೆ ಬಾಳಬೇಕೆಂಬ ಕಟ್ಟಳೆಯೂ ಧರ್ಮವೇ. ಮನೆಗೊಂದು ಧರ್ಮ, ಊರಿಗೊಂದು ಧರ್ಮ, ಮಠಕ್ಕೊಂದು ಧರ್ಮ ಇರುವಂತೆ ರಾಜ್ಯಕ್ಕೂ ಒಂದು ಧರ್ಮವುಂಟು. ಹಿಂದೆ ಅದನ್ನು ರಾಜಧರ್ಮ ಎಂದರು. ಅದರ ಹೊರೆ ರಾಜನ ಹೆಗಲ ಮೇಲಿತ್ತು. ಇಂದು ಅದನ್ನು ಸಂವಿಧಾನ ಎನ್ನುತ್ತೇವೆ. ಹೊರೆ ನಮ್ಮೆಲ್ಲರ ಹೆಗಲಿಗೆ ಬಂದಿದೆ. ಹಾಗೆ ಬಂದಿದೆ ಎಂಬ ಅರಿವು ಮಾತ್ರ ಇನ್ನೂ ಎಲ್ಲರಿಗೂ ಬಂದಿಲ್ಲ.

ಈಚೆಗೆ ಒಂದು ಸೋಮವಾರ ಕೊಪ್ಪ ತಾಲ್ಲೂಕಿನ ಹಿರಿಯ ಭಕ್ತರೊಬ್ಬರು ಶ್ರೀಮಠಕ್ಕೆ ಬಂದಿದ್ದರು. ಎಂಬತ್ತರ ಆಸುಪಾಸಿನ ವಯಸ್ಸು, ಎರಡೆಕರೆ ಅಡಿಕೆ ತೋಟ, ಒಂದಿಷ್ಟು ಗದ್ದೆ. ತೀರ್ಥಪ್ರಸಾದ ಸ್ವೀಕರಿಸಿದ ಮೇಲೂ ಅವರು ಎದ್ದು ಹೋಗಲಿಲ್ಲ. ಎಲ್ಲರೂ ಹೋದ ನಂತರ ಹತ್ತಿರ ಬಂದು, "ಬುದ್ಧಿ, ಮೇಲಿನವರಿಗೆ ತಮ್ಮಿಂದ ಒಂದು ಮಾತು ಹೇಳಿಸಬೇಕಿತ್ತು" ಎಂದರು.

ವಿಷಯ ಇಷ್ಟು. ಅವರ ತೋಟಕ್ಕೆ ಸೊಪ್ಪು ತರುವ ಬೆಟ್ಟದ ಅಂಚಿನಲ್ಲಿ ಒಂದು ಬಡ ಕುಟುಂಬ ಅಜ್ಜನ ಕಾಲದಿಂದಲೂ ವಾಸವಾಗಿದೆ. ಅರಣ್ಯ ಹಕ್ಕು ಕಾಯ್ದೆಯಡಿ ಆ ಜಾಗಕ್ಕಾಗಿ ಅರ್ಜಿ ಹಾಕಿದೆ. ಗ್ರಾಮಸಭೆ ಕರೆದಿದ್ದಾರೆ, ಆ ಮನೆಯವರು ಎಂದಿನಿಂದ ಅಲ್ಲಿದ್ದಾರೆಂದು ಹೇಳಿಕೆ ಕೊಡಬೇಕೆಂದು ಈ ಹಿರಿಯರನ್ನು ಕೇಳಿದ್ದಾರೆ. "ನಿಜ ಹೇಳಿದರೆ ಜಾಗ ಅವರಿಗಾಗುತ್ತದೆ, ನನ್ನ ತೋಟಕ್ಕೆ ಸೊಪ್ಪಿನ ದಾರಿ ತಪ್ಪುತ್ತದೆ. ಸುಳ್ಳು ಹೇಳೋಣವೆಂದರೆ ಈ ವಯಸ್ಸಿನಲ್ಲಿ ಬಾಯಿ ಬರುವುದಿಲ್ಲ. ತಾವು ಹೇಳಿ ಸಭೆಯನ್ನೇ ನಿಲ್ಲಿಸಿಬಿಟ್ಟರೆ ನನಗೆ ಎರಡೂ ತಪ್ಪುತ್ತದೆ" ಎಂದರು. ಕಾಯ್ದೆ, ಸಂವಿಧಾನ ಎಂದೇನೋ ನಾವು ಹೇಳಹೊರಟಾಗ, "ಅದು ದಿಲ್ಲಿಯವರ ಪುಸ್ತಕ ಬುದ್ಧಿ, ನಮಗೂ ಅದಕ್ಕೂ ಏನು ಸಂಬಂಧ?" ಎಂದುಬಿಟ್ಟರು.

ಆ ಪ್ರಶ್ನೆ ನಮ್ಮ ಮನಸ್ಸಿನಲ್ಲಿ ಉಳಿಯಿತು. ಅವರೊಬ್ಬರದೇ ಪ್ರಶ್ನೆ ಅದಲ್ಲವಾದ್ದರಿಂದ ಈ ವಾರ ಅದಕ್ಕೇ ಉತ್ತರವನ್ನು ಹೇಳುತ್ತೇವೆ.

ಒಬ್ಬನ ಧರ್ಮ

ನಮ್ಮ ಮಲೆನಾಡನ್ನು ಬಹುಕಾಲ ಆಳಿದವರು ಕೆಳದಿಯ ಅರಸರು; ವೀರಶೈವ ಧರ್ಮದಲ್ಲಿ ನಿಷ್ಠೆಯುಳ್ಳವರು. 17ನೆಯ ಶತಮಾನದ ನಡುಭಾಗದಲ್ಲಿ ಶಿವಪ್ಪನಾಯಕನು ಭೂಮಿಯ ಗುಣ ನೋಡಿ ಕಂದಾಯ ಗೊತ್ತುಪಡಿಸಿದನು. ಅದನ್ನು ಇಂದಿಗೂ ಶಿವಪ್ಪನಾಯಕನ ಶಿಸ್ತು ಎನ್ನುತ್ತಾರೆ. ರಾಣಿ ಚೆನ್ನಮ್ಮಾಜಿ ಮೊಗಲರ ಬೆದರಿಕೆಗೆ ಅಂಜದೆ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟಳು. ಇವರನ್ನು ನೆನೆದರೆ ಅಭಿಮಾನ ಉಕ್ಕುತ್ತದೆ. ಆದರೆ ಧರ್ಮವು ಆಳುವವನ ಗುಣವನ್ನೇ ನೆಚ್ಚಿಕೊಂಡಿತ್ತು. ಒಳ್ಳೆಯ ಅರಸನಿದ್ದಾಗ ಪ್ರಜೆ ಉಂಡನು. ಅಲ್ಲದವನು ಬಂದಾಗ ಉಪವಾಸ ಬಿದ್ದನು. ಪ್ರಜೆ ಅವನನ್ನು ಆರಿಸಿದವನೂ ಅಲ್ಲ, ಇಳಿಸಬಲ್ಲವನೂ ಅಲ್ಲ. 1763ರಲ್ಲಿ ಬಿದನೂರು ಹೈದರಾಲಿಯ ವಶವಾದಾಗ ಯಾವ ರೈತನನ್ನೂ ಯಾರೂ ಕೇಳಲಿಲ್ಲ.

ಮೈಸೂರು ಅರಸರ ಕಾಲದಲ್ಲಿ ಒಂದು ಹೆಜ್ಜೆ ಮುಂದೆ ಹೋಯಿತು. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಸೇರಿತು. ದೇಶದಲ್ಲೇ ಹೊಸದೆನಿಸಿದ ಕಾರ್ಯ ಅದು. ಆದರೆ ಅಲ್ಲಿ ಕುಳಿತವರು ಹೆಚ್ಚಾಗಿ ಜಮೀನ್ದಾರರು, ವರ್ತಕರು. ಅವರು ಅಹವಾಲು ಹೇಳಬಹುದಿತ್ತು. ತೀರ್ಮಾನ ಮಾತ್ರ ಅರಮನೆಯದು. ನಮ್ಮ ಸುತ್ತಲೇ ನೋಡಿ: ಶೃಂಗೇರಿ ಸೀಮೆಯು ಅಲ್ಲಿನ ಶ್ರೀಶಾರದಾಪೀಠದ ಜಹಗೀರಾಗಿತ್ತು. ಎಡೆಹಳ್ಳಿ ಎಂಬ ಊರು ಯುವರಾಜರ ಹೆಸರಿನಿಂದ ನರಸಿಂಹರಾಜಪುರವಾಯಿತು. ಊರುಗಳ ಹೆಸರಿನಲ್ಲಿಯೂ ಒಡೆಯರಿದ್ದರು. ಒಡೆತನದಲ್ಲಿ ಊರಿನವರು ಇರಲಿಲ್ಲ.

ಸಂವಿಧಾನದ 'ನಾವು'

ಸ್ವಾತಂತ್ರ್ಯದ ಮುನ್ನಾ ವರ್ಷ, 1946ರ ಡಿಸೆಂಬರ್ 9ರಂದು, ಸಂವಿಧಾನ ರಚನಾ ಸಭೆ ದೆಹಲಿಯಲ್ಲಿ ಸೇರಿತು. ಡಾ. ರಾಜೇಂದ್ರ ಪ್ರಸಾದರು ಅದರ ಅಧ್ಯಕ್ಷರಾದರು. ಕರಡು ಸಮಿತಿಯ ಅಧ್ಯಕ್ಷರು ಡಾ. ಬಿ.ಆರ್. ಅಂಬೇಡ್ಕರರು. ಮುಂದೆ ನಮ್ಮ ರಾಜ್ಯದ ಮುಖ್ಯಮಂತ್ರಿಗಳಾದ ಕೆ. ಹನುಮಂತಯ್ಯನವರೂ ಎಸ್. ನಿಜಲಿಂಗಪ್ಪನವರೂ ಆ ಸಭೆಯಲ್ಲಿದ್ದರು. ಸಲಹೆಗಾರರಾಗಿದ್ದ ಬೆನಗಲ್ ನರಸಿಂಗರಾಯರು ನಮ್ಮ ಘಟ್ಟದ ಕೆಳಗಿನ ಕರಾವಳಿಯ ಮನೆತನದವರು. ಹಾಗಾಗಿ ಇದು ದಿಲ್ಲಿಯವರ ಪುಸ್ತಕವೆಂಬ ಮಾತು ಮೊದಲಿಗೇ ಬಿದ್ದುಹೋಗುತ್ತದೆ.

ಸುಮಾರು ಮೂರು ವರ್ಷಗಳ ಚರ್ಚೆಯಾಗಿ 1949ರ ನವೆಂಬರ್ 26ರಂದು ಸಂವಿಧಾನವನ್ನು ಅಂಗೀಕರಿಸಿದರು. 1950ರ ಜನವರಿ 26ರಂದು ಅದು ಜಾರಿಗೆ ಬಂತು. ಅಂದು ಅದರಲ್ಲಿ 395 ವಿಧಿಗಳಿದ್ದವು. ಅಷ್ಟನ್ನೂ ಓದಿ ಅರಗಿಸಿಕೊಳ್ಳುವುದು ಪಂಡಿತರ ಕೆಲಸ. ಆದರೆ ಅದರ ಪೀಠಿಕೆಯ ಆಧಾರವಾದ ಒಂದೇ ಮಾತನ್ನು ಹಿಡಿದರೆ ಸಾಕು. ಆ ಮಾತು 'ನಾವು' ಎಂಬುದು.

ಪೀಠದ ಮೇಲೆ ಕುಳಿತವರು ತಮ್ಮನ್ನು 'ನಾವು' ಎಂದು ಹೇಳಿಕೊಳ್ಳುವುದು ರೂಢಿ. ಈ ಲೇಖನದಲ್ಲಿಯೂ ಹಾಗೆಯೇ ಬರೆಯುತ್ತಿದ್ದೇವೆ. ಅದು ವ್ಯಕ್ತಿಗಲ್ಲ, ಪೀಠಕ್ಕೆ ಸಲ್ಲುವ ಗೌರವ. ಹಿಂದೆ ಅರಸರೂ ಹಾಗೆಯೇ ಹೇಳಿಕೊಳ್ಳುತ್ತಿದ್ದರು. ಸಂವಿಧಾನವು ಆ ಮಾತನ್ನು ಸಿಂಹಾಸನದಿಂದ ಇಳಿಸಿ ದೇಶದ ಜನರೆಲ್ಲರ ಬಾಯಿಗೆ ಕೊಟ್ಟಿತು. ತೋಟದ ಒಡೆಯನೂ ಕೊನೆ ಇಳಿಸುವವನೂ, ಸ್ವಾಮಿಗಳೂ ಮಠದ ಅಂಗಳ ಗುಡಿಸುವ ತಾಯಿಯೂ ಆ 'ನಾವು' ಎಂಬುದರಲ್ಲಿ ಒಂದೇ ಸಮ. 1951-52ರ ಮೊದಲ ಮಹಾಚುನಾವಣೆಯಲ್ಲಿಯೇ ನಮ್ಮ ಹೆಣ್ಣುಮಕ್ಕಳು ಮತ ಹಾಕಿದರು. ಮುಂದುವರಿದ ದೇಶವೆನಿಸಿದ ಸ್ವಿಟ್ಜರ್‌ಲೆಂಡಿನ ಹೆಣ್ಣುಮಕ್ಕಳಿಗೆ ರಾಷ್ಟ್ರದ ಚುನಾವಣೆಯಲ್ಲಿ ಆ ಹಕ್ಕು ಸಿಕ್ಕಿದ್ದು 1971ರಲ್ಲಿ.

ಮೂರು ಕೈ, ಮೂರು ಕೆಲಸ

ಸರ್ಕಾರವೆಂದರೆ ಒಂದೇ ಕೈಯಲ್ಲ ಎಂಬುದನ್ನು ಭಕ್ತರು ತಿಳಿಯಬೇಕು. ಜಾತ್ರೆಯ ಉದಾಹರಣೆಯನ್ನೇ ತೆಗೆದುಕೊಳ್ಳಿ. ಯಾವುದಕ್ಕೆ ಎಷ್ಟು ಖರ್ಚು ಎಂದು ಊರಿನವರು ಕೂತು ಗೊತ್ತುಮಾಡುತ್ತಾರೆ. ಸಮಿತಿಯವರು ಆ ಹಣದಿಂದ ಕೆಲಸ ಮಾಡಿಸುತ್ತಾರೆ. ಲೆಕ್ಕದಲ್ಲಿ ತಕರಾರು ಬಂದರೆ ಇವರಿಬ್ಬರಿಗೂ ಸೇರದ ಹಿರಿಯರು ಕೂತು ನ್ಯಾಯ ಹೇಳುತ್ತಾರೆ. ಈ ಮೂರೂ ಕೆಲಸವನ್ನು ಒಬ್ಬನೇ ಮಾಡಿದರೆ ಹುಂಡಿಯ ಗತಿ ಏನಾದೀತೆಂದು ನಾವು ಹೇಳಬೇಕಾಗಿಲ್ಲ.

ಕಾನೂನು ಮಾಡುವುದು ಶಾಸಕಾಂಗ. ದೆಹಲಿಯಲ್ಲಿ ಲೋಕಸಭೆ ಮತ್ತು ರಾಜ್ಯಸಭೆ. ಬೆಂಗಳೂರಿನಲ್ಲಿ 224 ಸದಸ್ಯರ ವಿಧಾನಸಭೆ ಮತ್ತು 75 ಸದಸ್ಯರ ವಿಧಾನ ಪರಿಷತ್ತು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳು ಶೃಂಗೇರಿ ವಿಧಾನಸಭಾ ಕ್ಷೇತ್ರಕ್ಕೆ ಸೇರಿವೆ. ಲೋಕಸಭೆಗೆ ಉಡುಪಿ-ಚಿಕ್ಕಮಗಳೂರು ಕ್ಷೇತ್ರ. ಮಾಡಿದ ಕಾನೂನನ್ನು ನಡೆಸುವುದು ಕಾರ್ಯಾಂಗ. ಮಂತ್ರಿಗಳಿಂದ ಹಿಡಿದು ಜಿಲ್ಲಾಧಿಕಾರಿ, ತಹಸೀಲ್ದಾರರು, ಗ್ರಾಮ ಆಡಳಿತ ಅಧಿಕಾರಿಗಳವರೆಗೆ. ಮಂತ್ರಿಮಂಡಲವು ವಿಧಾನಸಭೆಗೆ ಹೊಣೆ. ಬಹುಮತ ಕಳೆದುಕೊಂಡ ದಿನ ಇಳಿಯಬೇಕು. ಇವೆರಡೂ ದಾರಿ ತಪ್ಪಿದಾಗ ತಡೆಯುವುದು ನ್ಯಾಯಾಂಗ. ತನ್ನ ಮೂಲಭೂತ ಹಕ್ಕಿಗೆ ಧಕ್ಕೆಯಾಯಿತೆಂದು ಕೂಲಿಯವನೊಬ್ಬ ಸರ್ಕಾರದ ಮೇಲೆಯೇ ಹೈಕೋರ್ಟಿಗೆ ಹೋಗಬಹುದು. ಯಾವ ಅರಸನ ಕಾಲದಲ್ಲಿಯೂ ಪ್ರಜೆಗೆ ಇಂಥ ಅಧಿಕಾರವಿರಲಿಲ್ಲ.

ನಮ್ಮ ಪಂಚಾಚಾರಗಳಲ್ಲಿ ಭೃತ್ಯಾಚಾರ ಎಂಬುದೊಂದುಂಟು. ಹಿರಿಮೆ ಬಂದಷ್ಟೂ ತಾನು ಸೇವಕನೆಂಬ ಭಾವ ಬೆಳೆಯಬೇಕೆಂಬುದೇ ಅದರ ತಿರುಳು. ಮಂತ್ರಿಯಾದವರಿಗೂ ಅಧಿಕಾರಿಯಾದವರಿಗೂ ಸಂವಿಧಾನ ವಿಧಿಸಿದ್ದು ಈ ಭೃತ್ಯಾಚಾರವನ್ನೇ.

ನಮ್ಮ ಜಿಲ್ಲೆ ಕಂಡ ಪಾಠ

1978ರ ವಿಷಯ ಹಿರಿಯರಿಗೆ ನೆನಪಿರಬೇಕು. ಹಿಂದಿನ ವರ್ಷ ರಾಯಬರೇಲಿಯಲ್ಲಿ ಸೋತಿದ್ದ ಶ್ರೀಮತಿ ಇಂದಿರಾ ಗಾಂಧಿಯವರು ಚಿಕ್ಕಮಗಳೂರು ಲೋಕಸಭಾ ಉಪಚುನಾವಣೆಗೆ ನಿಂತರು. ಡಿ.ಬಿ. ಚಂದ್ರೇಗೌಡರು ಅವರಿಗಾಗಿ ಸ್ಥಾನ ಬಿಟ್ಟುಕೊಟ್ಟಿದ್ದರು. ಎದುರಿಗೆ ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರು. ನಮ್ಮ ಸಮಾಜದಿಂದಲೇ ಬಂದವರು. ಇಡೀ ದೇಶದ ಕಣ್ಣು ನಮ್ಮ ಕಾಫಿ ತೋಟ, ಅಡಿಕೆ ತೋಟಗಳ ಮೇಲಿತ್ತು. ಆಗ ಮತ ಹಾಕಲು 21 ವರ್ಷವಾಗಬೇಕಿತ್ತು. ನಮಗಿನ್ನೂ ಆ ವಯಸ್ಸಾಗಿರಲಿಲ್ಲ. 18ಕ್ಕೆ ಇಳಿದದ್ದು 1989ರಲ್ಲಿ, 61ನೆಯ ತಿದ್ದುಪಡಿಯಿಂದ. ನಾವು ಮಠದ ಜಗುಲಿಯಲ್ಲಿ ನಿಂತು ಜೀಪುಗಳ ಸಾಲನ್ನು ನೋಡಿದೆವು.

ಇಂದಿರಾ ಗಾಂಧಿಯವರು ಗೆದ್ದರು. ದೇಶವನ್ನು ಹನ್ನೊಂದು ವರ್ಷ ಆಳಿದವರೂ ಮರಳಿ ಲೋಕಸಭೆಗೆ ಹೋಗಬೇಕಾದರೆ ಮಲೆನಾಡಿನ ಕೂಲಿಯವನ ಮುಂದೆ ಕೈಮುಗಿಯಬೇಕಾಯಿತು. ಅದು ಮೊದಲ ಪಾಠ. ಅದೇ ಡಿಸೆಂಬರಿನಲ್ಲಿ ಸದನದ ಹಕ್ಕುಚ್ಯುತಿಯ ಕಾರಣಕ್ಕೆ ಲೋಕಸಭೆಯು ಅವರ ಸದಸ್ಯತ್ವವನ್ನೇ ರದ್ದುಮಾಡಿತು. ಆ ತೀರ್ಮಾನ ಸರಿಯೋ ತಪ್ಪೋ ಎಂದು ಜನ ಇಂದಿಗೂ ವಾದಿಸುತ್ತಾರೆ. ಅದು ನಮ್ಮ ವಿಷಯವಲ್ಲ. 1980ರಲ್ಲಿ ಅದೇ ಜನರ ಮತದಿಂದ ಅವರು ಮತ್ತೆ ಪ್ರಧಾನಿಯಾದರು. ಇಳಿಸುವುದೂ ಏರಿಸುವುದೂ ರಕ್ತ ಹರಿಯದೆ, ಕಾಗದದ ಚೀಟಿಯಿಂದ ನಡೆಯಿತು. ಅದು ಎರಡನೆಯ ಪಾಠ.

ಮಠಕ್ಕೂ ಇರುವ ಕಟ್ಟಳೆ

ಸಂವಿಧಾನ ಮಠಗಳಿಗೂ ಅನ್ವಯವೇ ಎಂದು ಕೆಲವರು ಕೇಳುವುದುಂಟು. ಖಂಡಿತವಾಗಿ ಅನ್ವಯ. 25ನೆಯ ವಿಧಿ ಪ್ರತಿಯೊಬ್ಬನಿಗೂ ತನ್ನ ಧರ್ಮದಂತೆ ನಡೆಯುವ ಸ್ವಾತಂತ್ರ್ಯ ಕೊಟ್ಟಿದೆ; 26ನೆಯ ವಿಧಿ ಧಾರ್ಮಿಕ ಪಂಗಡಗಳಿಗೆ ತಮ್ಮ ಧರ್ಮದ ವಿಷಯಗಳನ್ನು ತಾವೇ ನಡೆಸಿಕೊಳ್ಳುವ ಹಕ್ಕು ಕೊಟ್ಟಿದೆ. ಉಡುಪಿಯ ಶೀರೂರು ಮಠದ ಮೊಕದ್ದಮೆಯಲ್ಲಿ 1954ರಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಡಿಸಿ ಹೇಳಿತು. ಪೂಜೆ, ಆಚಾರ, ಧರ್ಮದ ತಿರುಳಿನಲ್ಲಿ ಸರ್ಕಾರ ಕೈಹಾಕುವಂತಿಲ್ಲ. ಆದರೆ ಆಸ್ತಿಪಾಸ್ತಿಯ ಆಡಳಿತ ಕಾನೂನಿಗೆ ಒಳಪಟ್ಟದ್ದು. ಇಂದಿಗೂ ನ್ಯಾಯಾಲಯಗಳು ನೆನೆಯುವ ತೀರ್ಪು ಅದು.

ಆಸ್ತಿಯ ಮಾತು ಬಂದದ್ದರಿಂದ ಹೇಳುತ್ತೇವೆ. ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ, ಭೂಸುಧಾರಣಾ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದಾಗ ನಾವು ಮಠದಲ್ಲಿ ವಟುವಾಗಿದ್ದೆವು. ಭೂಮಿಯ ಒಡೆತನ ಕೆಲವರ ಕೈಯಲ್ಲೇ ಕೂಡಿಹೋಗದೆ ಎಲ್ಲರ ಹಿತಕ್ಕೆ ಹಂಚಿಕೆಯಾಗಬೇಕೆಂದು ಸಂವಿಧಾನದ 39ನೆಯ ವಿಧಿ ಸರ್ಕಾರಕ್ಕೆ ನಿರ್ದೇಶನ ಕೊಟ್ಟಿದೆ. ಅದರ ಬೆಳೆಯೇ ಆ ಕಾಯ್ದೆ. ಗೇಣಿದಾರರು 7ನೆಯ ನಮೂನೆ ತುಂಬಿ ಭೂ ನ್ಯಾಯಮಂಡಳಿಗೆ ಅರ್ಜಿ ಹಾಕಿದರು. ನಮ್ಮ ಮಠದ ಗದ್ದೆಗೂ ಅರ್ಜಿ ಬಂತು. ಗೇಣಿ ಭತ್ತ ನಿಂತಿತು. ದಾಸೋಹಕ್ಕೆ ಅಕ್ಕಿ ಎಲ್ಲಿಂದ ಎಂಬ ಚಿಂತೆ ಶುರುವಾಯಿತು. ಅರ್ಜಿ ಹಾಕಿದವರನ್ನು ಮಠಕ್ಕೆ ಸೇರಿಸಬಾರದೆಂದು ಕೆಲವು ಭಕ್ತರು ಗುರುಗಳಿಗೆ ಹೇಳಿದರು.

ಆ ವರ್ಷ ಶಿವರಾತ್ರಿಗೆ ಹಳೆಯ ಗೇಣಿದಾರನೊಬ್ಬ ಬಾಗಿಲ ಹೊರಗೇ ನಿಂತಿದ್ದ. ಒಳಗೆ ಬರಲು ಅಂಜಿಕೆ. ಹಿರಿಯ ಗುರುಗಳು ನಮ್ಮನ್ನೇ ಕಳಿಸಿ ಅವನನ್ನು ಕರೆಸಿದರು. ಪಂಕ್ತಿಯಲ್ಲಿ ಕೂರಿಸಿ, "ಇಷ್ಟು ವರ್ಷ ನೀನು ತಂದದ್ದು ಗೇಣಿ. ಇನ್ನು ಮೇಲೆ ಒಂದು ಹಿಡಿ ತಂದರೂ ಅದು ಭಕ್ತಿ. ಗೇಣಿಗಿಂತ ಅದೇ ನಮಗೆ ಹೆಚ್ಚು" ಎಂದರು. ಆತ ಅತ್ತುಬಿಟ್ಟ. ಮುಂದಿನ ಸುಗ್ಗಿಗೆ ತನ್ನದೇ ಗದ್ದೆಯ ಭತ್ತವನ್ನು ತಲೆಯ ಮೇಲೆ ಹೊತ್ತು ತಂದ. ಮಠ ಬಡವಾಯಿತು, ಸುಳ್ಳಲ್ಲ; ಆದರೆ ದಾಸೋಹ ಒಂದು ದಿನವೂ ನಿಲ್ಲಲಿಲ್ಲ. ಕಾನೂನು ಕೊಟ್ಟ ಸಮಾನತೆಯನ್ನು ಮನಸ್ಸೂ ಒಪ್ಪಬೇಕೆಂಬುದನ್ನು ನಾವು ಅಂದು ಕಲಿತೆವು.

ನಾವು ಮಾಡಿದ ತಪ್ಪು

ಕಲಿತರೂ ನಾವು ತಪ್ಪಿದ್ದುಂಟು. ಪಟ್ಟವಾದ ಹೊಸತರಲ್ಲಿ ಭಕ್ತರೊಬ್ಬರ ಒತ್ತಾಯಕ್ಕೆ ಮಣಿದು ಅವರ ಮಗನ ನೌಕರಿಗಾಗಿ ಒಬ್ಬ ಅಧಿಕಾರಿಗೆ ಶಿಫಾರಸು ಪತ್ರ ಕೊಟ್ಟೆವು. ಕೆಲಸವಾಯಿತು. ಕೆಲವು ತಿಂಗಳ ನಂತರ ಇನ್ನೊಬ್ಬ ತಾಯಿ ಬಂದು, ಹೆಚ್ಚು ಅಂಕ ಪಡೆದ ತನ್ನ ಮಗನಿಗೆ ಆ ಕೆಲಸ ತಪ್ಪಿತೆಂದು ನಮ್ಮ ಪಾದದ ಬಳಿಯೇ ಅತ್ತು, "ತಾವೇ ದಾರಿ ತೋರಿಸಬೇಕು" ಎಂದರು. ನಮ್ಮ ಪತ್ರದಿಂದಲೇ ಹಾಗಾಯಿತೆಂದು ಆಕೆಗೆ ಗೊತ್ತಿರಲಿಲ್ಲ. ನಮಗೆ ಗೊತ್ತಿತ್ತು. ಸರ್ಕಾರಿ ನೌಕರಿಯಲ್ಲಿ ಎಲ್ಲರಿಗೂ ಸಮಾನ ಅವಕಾಶವಿರಬೇಕೆಂದು 16ನೆಯ ವಿಧಿ ಹೇಳುತ್ತದೆ. ಆ ವಿಧಿಯನ್ನು ಮುರಿದವರಲ್ಲಿ ನಾವೂ ಒಬ್ಬರಾಗಿದ್ದೆವು. ಅಂದಿನಿಂದ ಅಂಥ ಪತ್ರ ಬರೆದಿಲ್ಲ.

ನಮ್ಮದೇ ಶೃಂಗೇರಿ ಕ್ಷೇತ್ರದಿಂದ ಆರಿಸಿ ಹೋಗಿದ್ದ ಎಚ್.ಜಿ. ಗೋವಿಂದೇಗೌಡರು 1990ರ ದಶಕದಲ್ಲಿ ಶಿಕ್ಷಣ ಮಂತ್ರಿಗಳಾಗಿದ್ದಾಗ ಸಾವಿರಾರು ಶಿಕ್ಷಕರನ್ನು ಅಂಕದ ಅರ್ಹತೆಯ ಮೇಲೆಯೇ ನೇಮಿಸಿದರು. ಬಡವರ ಮಕ್ಕಳು ಒಂದು ಕಾಸು ಕೊಡದೆ ಮೇಷ್ಟ್ರಾದರೆಂದು ಜನ ಇಂದಿಗೂ ಕೊಂಡಾಡುತ್ತಾರೆ. ಸಂವಿಧಾನದಂತೆ ನಡೆಯುವುದು ಆಗದ ಮಾತೇನೂ ಅಲ್ಲ ಎಂಬುದಕ್ಕೆ ನಮ್ಮ ನೆಲದ ಸಾಕ್ಷಿ ಇದು.

ಹಿರಿಯರ ಮಾತಿಗೆ ಬೆಲೆ

ಈಗ ಕೊಪ್ಪದ ಹಿರಿಯರ ವಿಷಯಕ್ಕೆ ಬರೋಣ. ಗ್ರಾಮ ಪಂಚಾಯಿತಿಗಳನ್ನು ಕಟ್ಟಬೇಕೆಂದು 40ನೆಯ ವಿಧಿ ಮೊದಲಿನಿಂದಲೂ ಹೇಳಿತ್ತು. ಅಬ್ದುಲ್ ನಜೀರ್‌ಸಾಬರು ಪಂಚಾಯತ್ ಮಂತ್ರಿಗಳಾಗಿದ್ದಾಗ ನಮ್ಮ ರಾಜ್ಯ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಅಧಿಕಾರ ಕೊಟ್ಟು ದೇಶಕ್ಕೆ ದಾರಿ ತೋರಿಸಿತು; 1987ರಲ್ಲಿ ಅವುಗಳಿಗೆ ಚುನಾವಣೆ ನಡೆಯಿತು. 1993ರ ಏಪ್ರಿಲ್ 24ರಂದು ಜಾರಿಗೆ ಬಂದ 73ನೆಯ ತಿದ್ದುಪಡಿಯಿಂದ ಗ್ರಾಮಸಭೆಯು ಸಂವಿಧಾನದಲ್ಲೇ ಸೇರಿತು. ಮತದಾರರ ಪಟ್ಟಿಯಲ್ಲಿರುವ ಊರಿನ ಎಲ್ಲರೂ ಆ ಸಭೆಯ ಸದಸ್ಯರೇ. ಅದಕ್ಕೆ ಚುನಾವಣೆಯಲ್ಲಿ ಗೆಲ್ಲಬೇಕಾಗಿಲ್ಲ. ಆದರೆ ಎಷ್ಟೋ ಊರುಗಳಲ್ಲಿ ಗ್ರಾಮಸಭೆಯ ದಿನ ಖಾಲಿ ಕುರ್ಚಿಗಳನ್ನು ನಾವೇ ಕಂಡಿದ್ದೇವೆ. ಜಾತ್ರೆಗೆ ತುಂಬುವ ಊರು ಗ್ರಾಮಸಭೆಗೇಕೆ ತುಂಬುವುದಿಲ್ಲ?

2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಅರ್ಜಿ ಸ್ವೀಕರಿಸಿ ಪರಿಶೀಲಿಸುವ ಮೊದಲ ಅಧಿಕಾರವನ್ನು ಗ್ರಾಮಸಭೆಗೇ ಕೊಟ್ಟಿದ್ದಾರೆ. ಪರಿಶಿಷ್ಟ ಪಂಗಡದವರಲ್ಲದವರು ಮೂರು ತಲೆಮಾರು, ಅಂದರೆ 75 ವರ್ಷಗಳಿಂದ ಅಲ್ಲಿ ಬಾಳಿದ್ದಾರೆಂದು ತೋರಿಸಬೇಕು. ಕಾಡಂಚಿನ ಬಡವನ ಬಳಿ 75 ವರ್ಷದ ಕಾಗದ ಎಲ್ಲಿಂದ ಬರಬೇಕು? ಅದಕ್ಕೇ 2008ರ ನಿಯಮಗಳು ಊರಿನ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಒಂದು ಸಾಕ್ಷ್ಯವೆಂದು ಒಪ್ಪಿವೆ. ಗಮನಿಸಿ: ಹಿರಿಯರ ಮಾತಿಗೆ ಬೆಲೆಯಿಲ್ಲದ ಕಾಲ ಬಂತೆಂದು ಎಲ್ಲರೂ ಹಲುಬುತ್ತೇವೆ. ದೇಶದ ಕಾನೂನೇ ಹಿರಿಯರ ಮಾತನ್ನು ಕಾಗದಪತ್ರದ ಪಕ್ಕದಲ್ಲಿ ಇಟ್ಟಿದೆ.

ಆ ಭಕ್ತರಿಗೆ ನಾವು ಹೇಳಿದ್ದು ಇಷ್ಟೇ: "ಸಭೆಯನ್ನು ನಿಲ್ಲಿಸುವ ಅಧಿಕಾರ ನಮಗಿಲ್ಲ, ಇದ್ದರೂ ಬಳಸಬಾರದು. ನೀವು ಕಂಡದ್ದನ್ನು ಕಂಡಂತೆ ಹೇಳಿ. ನಿಮ್ಮ ಸೊಪ್ಪಿನ ದಾರಿಯ ಕಷ್ಟವನ್ನೂ ಅದೇ ಸಭೆಯಲ್ಲಿ ಹೇಳಿ. ಊರಿನವರು ಸಾಮೂಹಿಕವಾಗಿ ಬಳಸಿಕೊಂಡು ಬಂದ ಹಕ್ಕಿಗೂ ಆ ಕಾಯ್ದೆಯಲ್ಲಿ ಜಾಗವಿದೆ. ಅಡಗಿಸಿ ಹೇಳಿದರೆ ಮಾತ್ರ ಎರಡೂ ಕೆಡುತ್ತದೆ."

ಅವರು ಏನೂ ಮಾತನಾಡದೆ ನಮಸ್ಕರಿಸಿ ಹೋದರು. ಬೇಸರವಾಯಿತೇನೋ ಎಂದುಕೊಂಡೆವು. ಮೂರು ವಾರದ ಮೇಲೆ ಮತ್ತೆ ಬಂದು, "ಹೇಳಿ ಬಂದೆ ಬುದ್ಧಿ. ಹೆಬ್ಬೆಟ್ಟು ಒತ್ತಲಿಲ್ಲ, ಸಹಿ ಮಾಡಿದೆ" ಎಂದರು. ಅವರ ಅಜ್ಜ ಮತ್ತು ಆ ಮನೆಯ ಅಜ್ಜ ಒಂದೇ ಹಳ್ಳದಲ್ಲಿ ನೀರು ತಂದದ್ದನ್ನು, ಎಳೆಯ ವಯಸ್ಸಿನಲ್ಲಿ ತಾವೇ ಆ ಗುಡಿಸಲಿನಲ್ಲಿ ಅಂಬಲಿ ಕುಡಿದದ್ದನ್ನು ಸಭೆಯ ಮುಂದೆ ಹೇಳಿದರಂತೆ. ಸೊಪ್ಪಿನ ದಾರಿಯ ಮಾತನ್ನೂ ಬರೆಸಿದರಂತೆ. ಕಡತ ಉಪವಿಭಾಗ ಮಟ್ಟದ ಸಮಿತಿಗೆ ಹೋಗಿದೆ; ಕೊನೆಯ ತೀರ್ಮಾನ ಜಿಲ್ಲಾ ಸಮಿತಿಯದು. ಫಲ ಏನಾದೀತೆಂದು ನಾವು ಹೇಳಲಾರೆವು. ಆ ಮನೆಯವರಿಗೆ ಜಾಗ ಸಿಗಬಹುದು, ಸಿಗದೆಯೂ ಇರಬಹುದು. ಆದರೆ ಸಂವಿಧಾನದ 'ನಾವು' ಎಂಬ ಮಾತಿನಲ್ಲಿ ತಾವೂ ಇದ್ದೇವೆಂದು ಆ ಹಿರಿಯರು ತಿಳಿದುಕೊಂಡರು. ಹಕ್ಕು ಕೇಳುವವನು ಪ್ರಜೆ. ಇನ್ನೊಬ್ಬನ ಹಕ್ಕಿಗಾಗಿ ನಿಜ ನುಡಿಯುವವನು ಸತ್ಪ್ರಜೆ.

ಸದ್ಭಕ್ತರೇ, ದೀಕ್ಷೆ ಪಡೆದ ಮಾತ್ರಕ್ಕೆ ಸಾಧನೆ ಮುಗಿಯುವುದಿಲ್ಲ. ದಿನವೂ ಇಷ್ಟಲಿಂಗದ ಪೂಜೆ ನಡೆಯಬೇಕು. ಹಾಗೆಯೇ ಐದು ವರ್ಷಕ್ಕೊಮ್ಮೆ ಮತ ಹಾಕಿದ ಮಾತ್ರಕ್ಕೆ ಪ್ರಜಾಪ್ರಭುತ್ವ ಮುಗಿಯುವುದಿಲ್ಲ. ನಿಮ್ಮೂರಿನ ಮುಂದಿನ ಗ್ರಾಮಸಭೆ ಎಂದೆಂದು ಪಂಚಾಯಿತಿಯಲ್ಲಿ ಕೇಳಿ ತಿಳಿಯಿರಿ. ಆ ದಿನ ತೋಟದ ಕೆಲಸವನ್ನು ಅರ್ಧ ದಿನ ಬಿಡಿ. ಮನೆಯ ಹೆಣ್ಣುಮಕ್ಕಳನ್ನೂ ಕರೆದುಕೊಂಡು ಹೋಗಿ. ಖರ್ಚಿನ ಲೆಕ್ಕ ಕೇಳಿ, ಫಲಾನುಭವಿಗಳ ಪಟ್ಟಿಯನ್ನು ಓದಿಸಿ, ಬಡವನ ಹೆಸರು ಬಿಟ್ಟುಹೋಗಿದ್ದರೆ ಎದ್ದು ನಿಂತು ಹೇಳಿ. ನಮ್ಮ ಬಳಿ ಆಶೀರ್ವಾದಕ್ಕೆ ಬನ್ನಿ, ಶಿಫಾರಸಿಗೆ ಬರಬೇಡಿ.

ಎಲ್ಲರಿಗೂ ಸನ್ಮಂಗಳವಾಗಲಿ.